ಹೆಬ್ಬಾವಿನ ಬಾಣಂತನ

ಹೆಗ್ಗೋಡು ಎಂದೊಡನೆ ಪಟ್ಟಣದ ಓದುಗರಿಗೆ ನಾಟಕದ ನೆನಪಾಗುವುದು ಸಹಜ. 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆ ಈ ಸಣ್ಣ ಊರಿನ ಹೆಸರನ್ನು ದೂರದೂರಕ್ಕೆ ಕೊಂಡೊಯ್ದಿದೆ. ಆದರೆ ನಾಟಕ ನೋಡಲೆಂದು ಬಂದ ನೆಂಟರು ರಾತ್ರಿ ನಮ್ಮ ಜಗಲಿಯಲ್ಲಿ ಹಾಸಿಗೆ ಬಿಡಿಸುವ ಮೊದಲು ಕೇಳುವ ಪ್ರಶ್ನೆ ನಾಟಕವನ್ನು ಕುರಿತದ್ದಲ್ಲ. "ಇಲ್ಲಿ ಹಾವುಗಳಿವೆಯೇ?" ಎಂಬುದೇ ಆ ಪ್ರಶ್ನೆ. ಇಲ್ಲವೆಂದರೆ ಸುಳ್ಳಾಗುತ್ತದೆ, ಇವೆಯೆಂದರೆ ಅವರಿಗೆ ನಿದ್ರೆ ಬಾರದು. "ಇವೆ, ಆದರೆ ಅವು ತಮ್ಮ ಪಾಡಿಗೆ ತಾವು ಇರುತ್ತವೆ" ಎಂದು ಹೇಳಿ ದೀಪ ಆರಿಸುತ್ತೇನೆ.

ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳುವ ಅಧಿಕಾರ ನನಗೆ ಬಹುಕಾಲದವರೆಗೆ ಇರಲಿಲ್ಲ. ಅವು ತಮ್ಮ ಪಾಡಿಗೆ ತಾವು ಇದ್ದುದು ನಿಜ. ಇರಲು ಬಿಡದವರು ನಾವು. ಅದರ ಕತೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಅದು 1964ನೆಯ ಇಸವಿಯ ಬೇಸಿಗೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ಕೊಳ್ಳದ ಊರುಗಳೂ ಕಾಡುಗಳೂ ನೀರಿನಡಿ ಸೇರುತ್ತಿದ್ದ ಕಾಲ. ನನಗಾಗ ಹತ್ತು ವರ್ಷ. ನಮ್ಮ ಮನೆಯ ಮುಂದೆ, ತಗ್ಗಿನಲ್ಲಿ ಅಡಿಕೆಯ ತೋಟ, ಮನೆಯ ಹಿಂದೆ, ಏರಿನಲ್ಲಿ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾನು. ತೋಟಕ್ಕೆ ಗೊಬ್ಬರ, ಕೊಟ್ಟಿಗೆಗೆ ಹಾಸು, ಒಲೆಗೆ ಕಟ್ಟಿಗೆ ಎಲ್ಲವೂ ಬೆಟ್ಟದಿಂದಲೇ ಬರಬೇಕು.

ಒಂದು ದಿನ ಗೌರಿ ಎಂಬ ಹಸುವಿನ ಎಳೆಗರು ಕಾಣದಾಯಿತು. ಮಾರನೆಯ ಬೆಳಿಗ್ಗೆ ದರಕು ಒಟ್ಟಲು ಬೆಟ್ಟಕ್ಕೆ ಹೋದ ಆಳು ಏದುಸಿರು ಬಿಡುತ್ತ ಓಡಿಬಂದ. ಮುಳ್ಳುಹಂದಿಯ ಬಿಲದ ಬಾಯಲ್ಲಿ, ಎಳೆಬಿಸಿಲಿಗೆ ಮೈಯೊಡ್ಡಿ, ಒಂದು ಹೆಬ್ಬಾವು ಬಿದ್ದುಕೊಂಡಿದೆ! ಕರು ಎಲ್ಲಿ ಹೋಯಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ದೊಡ್ಡಪ್ಪ ದೊಣ್ಣೆ ಹಿಡಿದರು. ಆಳುಗಳು ಕತ್ತಿ ಹಿಡಿದರು. ನಾವು ಹುಡುಗರು ಹಿಂದಿನಿಂದ ಓಡಿದೆವು. ಆ ಹಾವು ನಮ್ಮ ಮೇಲೆ ಬೀಳಲಿಲ್ಲ. ಓಡಿಹೋಗಲೂ ಇಲ್ಲ. ಬಿಲದ ಬಾಯಿಗೆ ಅಡ್ಡಲಾಗಿ ಸುರುಳಿ ಸುತ್ತಿಕೊಂಡು ಬುಸುಗುಟ್ಟಿತು, ಅಷ್ಟೆ. ಅದನ್ನು ಕೊಲ್ಲುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಅಂಗಳಕ್ಕೆ ಎಳೆತಂದು ಹೊಟ್ಟೆ ಸೀಳಿದರು. ಅದರಲ್ಲಿ ಕರುವೂ ಇರಲಿಲ್ಲ, ಇಲಿಯೂ ಇರಲಿಲ್ಲ. ಹೊಟ್ಟೆ ಬರಿದಾಗಿತ್ತು. ನೆರೆದವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸಂಜೆಯ ಹೊತ್ತಿಗೆ ತೋಟದಾಚೆಯ ಅಗಳದಿಂದ ಅಂಬಾ ಎಂಬ ಕ್ಷೀಣ ದನಿ ಕೇಳಿಸಿತು. ಕರು ಅಗಳಕ್ಕೆ ಬಿದ್ದು, ಮೇಲೇರಲಾರದೆ, ಎರಡು ದಿನ ಅಲ್ಲಿಯೇ ನಿಂತಿತ್ತು.

ಮರುದಿನ ನಾವು ಹುಡುಗರು ಬಿಲವನ್ನು ಕೆದಕಿದೆವು. ಒಳಗೆ ಬಾತುಕೋಳಿಯ ಮೊಟ್ಟೆಗಿಂತ ದೊಡ್ಡವಾದ ಬಿಳಿಯ ಮೊಟ್ಟೆಗಳು, ಒಂದಕ್ಕೊಂದು ಅಂಟಿಕೊಂಡು ಗುಡ್ಡೆಯಾಗಿದ್ದವು. ಚಿಪ್ಪು ಗಟ್ಟಿಯಲ್ಲ, ತೊಗಲಿನಂತೆ ಮೆತ್ತಗೆ. ಅವನ್ನು ಬಿಡಿಸಿ, ಉರುಳಿಸಿ, ಎಣಿಸಿದೆವು. ಇಪ್ಪತ್ತೆರಡು. ಒಂದನ್ನು ಅಂಗಿಯ ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ತಂದು ಅಜ್ಜಿಗೆ ತೋರಿಸಿದೆ.

ಅಜ್ಜಿಯದು ಕೇರಿಯ ಹತ್ತಾರು ಬಾಣಂತನಗಳನ್ನು ಮಾಡಿಸಿದ ಕೈ. ಅವಳು ಮೊಟ್ಟೆಯನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿದ್ದಳು. "ತಣ್ಣಗಾಗಿಹೋಯಿತಲ್ಲೋ ಮಾಣಿ" ಎಂದಳು. ಆಮೇಲೆ ದೊಡ್ಡಪ್ಪನಿಗೆ ಕೇಳುವಂತೆ, "ಬಾಣಂತಿಯನ್ನು ಕೊಂದುಬಿಟ್ಟಿರಿ" ಎಂದಳು. ಬೇರೆ ಮಾತಾಡಲಿಲ್ಲ. ದೊಡ್ಡಪ್ಪ ಆ ರಾತ್ರಿ ಊಟಕ್ಕೆ ಬರಲಿಲ್ಲವೆಂದು ನನಗೆ ನೆನಪಿದೆ.

ಅಜ್ಜಿಯ ಆ ಮಾತು ಕನಿಕರದಿಂದ ಬಂದ ಬರಿಯ ಹೋಲಿಕೆಯೆಂದೇ ನಾನು ಬಹುಕಾಲ ತಿಳಿದಿದ್ದೆ. ಹಾವಿಗೆಲ್ಲಿಯ ಬಾಣಂತನ! ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುವ ಜಾತಿಯಲ್ಲವೇ ಅದು? ಮುಂದೆ ಪುಸ್ತಕಗಳನ್ನು ಓದುವ ಹವ್ಯಾಸ ಹತ್ತಿದ ಮೇಲೆಯೇ, ಅಜ್ಜಿ ಹೇಳಿದ್ದು ಅಕ್ಷರಶಃ ಸತ್ಯವೆಂದು ಗೊತ್ತಾದದ್ದು.

ಹಾವುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ ಎಂಬುದು ಸರಿಯೇ. ನಮ್ಮ ಆಗುಂಬೆಯ ಕಾಡಿನ ಕಾಳಿಂಗ ಸರ್ಪ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಹೆಣ್ಣು ಕಾಳಿಂಗ ದರಕನ್ನು ಮೈಯಿಂದ ಎಳೆದೆಳೆದು ಒಟ್ಟಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಕಾವಲು ಕೂರುತ್ತದೆ. ಎಲೆ ಕೊಳೆಯುವಾಗ ಹುಟ್ಟುವ ಶಾಖವೇ ಮೊಟ್ಟೆಗಳಿಗೆ ಕಾವು. ಹೆಬ್ಬಾವಿನ ತಾಯಿಯಾದರೋ ಇನ್ನೂ ಮುಂದೆ ಹೋಗುತ್ತದೆ. ಅದು ಮೊಟ್ಟೆಗಳನ್ನೆಲ್ಲ ಒಂದು ರಾಶಿಮಾಡಿ, ತನ್ನ ಮೈಯನ್ನೇ ಸುರುಳಿಯಾಗಿ ಸುತ್ತಿ, ಮೇಲೆ ತಲೆಯಿಟ್ಟು ಮುಚ್ಚುತ್ತದೆ. ಹೀಗೆ ಸುಮಾರು ಎರಡು ತಿಂಗಳು. ಅಷ್ಟು ಕಾಲವೂ ಅದಕ್ಕೆ ಸಾಮಾನ್ಯವಾಗಿ ಆಹಾರವೇ ಇಲ್ಲ. ಆಗಾಗ ಹೊರಗೆ ಬಂದು ಬಿಸಿಲಿಗೆ ಮೈ ಕಾಯಿಸಿಕೊಂಡು ಮತ್ತೆ ಮೊಟ್ಟೆಗಳಿಗೆ ಮರಳುವುದುಂಟು. ನಮ್ಮ ಅಂಗಳದಲ್ಲಿ ಸೀಳಿದ ಆ ಹೊಟ್ಟೆ ಏಕೆ ಬರಿದಾಗಿತ್ತೆಂಬುದು ಈಗ ತಿಳಿಯಿತಲ್ಲವೇ? ಅದು ಪಥ್ಯದಲ್ಲಿದ್ದ ಬಾಣಂತಿಯ ಹೊಟ್ಟೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಹಾವು ತಣ್ಣನೆಯ ರಕ್ತದ ಪ್ರಾಣಿ. ಸುತ್ತಣ ಗಾಳಿ ತಂಪಾದರೆ ತಾನೂ ತಂಪು. ಆದರೆ ಮೊಟ್ಟೆಗಳ ಮೇಲೆ ಕುಳಿತ ಹೆಬ್ಬಾವು, ಚಳಿಯಾದಾಗ, ತನ್ನ ಸ್ನಾಯುಗಳನ್ನು ಲಯಬದ್ಧವಾಗಿ ಅದುರಿಸಿ ಅದುರಿಸಿ ಶಾಖವನ್ನು ಹುಟ್ಟಿಸುತ್ತದೆ. ನಾವು ಮಾಗಿಯ ಚಳಿಗೆ ನಡುಗುವುದಿಲ್ಲವೇ, ಹಾಗೆ. ಮೊಟ್ಟೆಗಳಿಗೆ ಬೇಕಾದುದು ಸುಮಾರು 30ರಿಂದ 33 ಡಿಗ್ರಿ ಉಷ್ಣತೆ. ಅದು ತೀರ ಇಳಿದರೆ ಒಳಗಿನ ಮರಿ ಅಂಗವಿಕಲವಾಗುತ್ತದೆ, ಇಲ್ಲವೇ ಸಾಯುತ್ತದೆ. 1832ರಲ್ಲಿ ಲಾಮಾರ್-ಪಿಕೊ ಎಂಬ ಫ್ರೆಂಚ್ ಪ್ರವಾಸಿ, ಭಾರತದ ಹೆಬ್ಬಾವು ತನ್ನ ಮೊಟ್ಟೆಗಳಿಗೆ ಕಾವು ಕೊಡುತ್ತದೆಂದು ಪ್ಯಾರಿಸಿನ ಪಂಡಿತರ ಮುಂದೆ ಹೇಳಿದಾಗ ಅವರು ನಂಬಲಿಲ್ಲ. 1841ರಲ್ಲಿ ಪ್ಯಾರಿಸಿನ ಪ್ರಾಣಿಸಂಗ್ರಹಾಲಯದಲ್ಲಿಯೇ ಒಂದು ಹೆಬ್ಬಾವು ಮೊಟ್ಟೆಗಳನ್ನು ಸುತ್ತಿ ಕುಳಿತಿತು. ವಾಲೆನ್ಸಿಯೆನ್ ಎಂಬ ವಿಜ್ಞಾನಿ ಸುರುಳಿಗಳ ನಡುವೆ ಉಷ್ಣಮಾಪಕವನ್ನಿಟ್ಟು ನೋಡಿ, ಮಾತು ನಿಜವೆಂದು ಒಪ್ಪಿದ. 1966ರಲ್ಲಿ ನ್ಯೂಯಾರ್ಕಿನಲ್ಲಿ, ನಮ್ಮ ಹೆಬ್ಬಾವಿನ ದಾಯಾದಿಯಾದ ಬರ್ಮಾದ ಹೆಬ್ಬಾವಿನ ಮೇಲೆ ಇನ್ನೂ ಕರಾರುವಾಕ್ಕಾದ ಪ್ರಯೋಗಗಳು ನಡೆದು, ನಡುಕದಿಂದಲೇ ಶಾಖ ಹುಟ್ಟುವುದೆಂಬುದು ಸ್ಥಿರಪಟ್ಟಿತು. ಪಂಡಿತರು ನೂರಕ್ಕೂ ಹೆಚ್ಚು ವರ್ಷ ಅಳೆದು ಕಂಡುಕೊಂಡದ್ದನ್ನು ನಮ್ಮ ಅಜ್ಜಿ ಒಂದು ತಣ್ಣನೆಯ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ಊಹಿಸಿಬಿಟ್ಟಿದ್ದಳು.

ಹೆಬ್ಬಾವಿಗೆ ವಿಷವಿಲ್ಲ. ಹಿಮ್ಮುಖವಾಗಿ ಬಾಗಿದ ಹಲ್ಲುಗಳಿಂದ ಬೇಟೆಯನ್ನು ಹಿಡಿದು, ಕ್ಷಣದಲ್ಲಿ ಸುರುಳಿ ಸುತ್ತಿ ಬಿಗಿಯುತ್ತದೆ. ಎಲುಬುಗಳನ್ನು ಪುಡಿಮಾಡುತ್ತದೆಂದು ನಾವು ಕೇಳಿದ್ದು ಸುಳ್ಳು. ಉಸಿರು ಕಟ್ಟಿಸಿ ಕೊಲ್ಲುತ್ತದೆಂದು ಪುಸ್ತಕಗಳು ಹೇಳುತ್ತಿದ್ದುದೂ ಪೂರ್ತಿ ನಿಜವಲ್ಲವೆಂದು ಈಚೆಗೆ ತಿಳಿದಿದೆ. ಇದೇ ಬಗೆಯಲ್ಲಿ ಬೇಟೆಯಾಡುವ ಬೋವಾ ಹಾವಿನ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಗಿತಕ್ಕೆ ಸಿಕ್ಕ ಇಲಿಯ ರಕ್ತಸಂಚಾರವೇ ಕೆಲವು ಕ್ಷಣಗಳಲ್ಲಿ ಕುಸಿಯುವುದು ಕಂಡುಬಂತು. ತುಟಿಯ ಅಂಚಿನಲ್ಲಿರುವ ಸಣ್ಣ ಕುಳಿಗಳಿಂದ ಅದು ಕತ್ತಲಲ್ಲಿಯೂ ಬಿಸಿರಕ್ತದ ಪ್ರಾಣಿಯ ಶಾಖವನ್ನು ಗ್ರಹಿಸುತ್ತದೆ. ಕೆಳದವಡೆಯ ಎರಡು ಭಾಗಗಳ ನಡುವೆ ಎಲುಬಿನ ಬೆಸುಗೆಯಿಲ್ಲ, ಹಿಗ್ಗುವ ನಾರು ಮಾತ್ರ. ಆದುದರಿಂದಲೇ ತನ್ನ ತಲೆಗಿಂತ ದಪ್ಪವಾದುದನ್ನು ಅದು ನುಂಗಬಲ್ಲದು. ನುಂಗಿದ ಮೇಲೆ ಒಳಗಿನ ಅಂಗಗಳೇ ಬೆಳೆಯುತ್ತವೆ. ಬರ್ಮಾದ ಹೆಬ್ಬಾವಿನ ಹೃದಯ ಊಟವಾದ ಎರಡು ದಿನಗಳೊಳಗೆ ನೂರಕ್ಕೆ ನಲವತ್ತರಷ್ಟು ದೊಡ್ಡದಾಗುವುದೆಂದು 2005ರಲ್ಲಿ ಅಳೆದು ತೋರಿಸಿದ್ದಾರೆ. ಅರಗಿದ ಮೇಲೆ ಮತ್ತೆ ಮೊದಲಿನಂತೆ. ಒಂದು ದೊಡ್ಡ ಊಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸಾಕು. ಭಾಗವತದ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಅಜಗರವನ್ನೂ ಎಣಿಸಿದ್ದು ಸುಮ್ಮನೆ ಅಲ್ಲ. ದೊರೆತಾಗ ಉಂಡು, ದೊರೆಯದಾಗ ಸುಮ್ಮನಿರುವ ವಿದ್ಯೆಯನ್ನು ಅದರಷ್ಟು ಬಲ್ಲವರು ಯಾರು?

ಉದ್ದವೂ ನಾವು ಹೇಳಿಕೊಳ್ಳುವಷ್ಟಿಲ್ಲ. ನಮ್ಮ ಕಡೆ ಕಾಣುವ ಬೆಳೆದ ಹೆಬ್ಬಾವು ಸಾಮಾನ್ಯವಾಗಿ ಮೂರು ಮೀಟರಿನ ಆಸುಪಾಸು. ಐದು ಮೀಟರು ದಾಟಿದ್ದು ಅಪೂರ್ವ. ಹೆಗ್ಗಣ, ಮೊಲ, ಕಾಡುಬೆಕ್ಕು, ಹಕ್ಕಿ, ಹಂದಿಯ ಮರಿ, ಮಂಗ ಇವೆಲ್ಲ ಅದರ ಆಹಾರ. ಮಂಗ ಮತ್ತು ಹಂದಿಗಳ ಕಾಟದಿಂದ ಕಣ್ಣೀರಿಡುವ ತೋಟದವರಾದ ನಾವು ಈ ಪಟ್ಟಿಯನ್ನು ಎರಡು ಸಲ ಓದಬೇಕು. ಒಂದು ಹೆಬ್ಬಾವಿನಿಂದ ಆ ಕಾಟ ತಪ್ಪೀತೆಂದು ನಾನು ಹೇಳಲಾರೆ. ಕೋಳಿಯನ್ನೋ ನಾಯಿಯನ್ನೋ ಆಡಿನ ಮರಿಯನ್ನೋ ಅದು ಹಿಡಿಯುವುದೂ ಉಂಟು. ಅದನ್ನು ಮುಚ್ಚಿಡುವುದೂ ಸರಿಯಲ್ಲ. ಆದರೆ ಲೆಕ್ಕದ ಎರಡೂ ಬದಿಯನ್ನು ನೋಡದೆ ದೊಣ್ಣೆ ಎತ್ತುವುದು ನ್ಯಾಯವೇ?

ನಮ್ಮವರ ನಡತೆಯಲ್ಲಿ ಒಂದು ವಿಚಿತ್ರವಿದೆ. ಕಚ್ಚಿದರೆ ಪ್ರಾಣ ತೆಗೆಯಬಲ್ಲ ನಾಗರಕ್ಕೆ ಬನವಿದೆ, ಕಲ್ಲಿದೆ, ಪಂಚಮಿಯ ಹಾಲಿದೆ. ಸತ್ತರೆ ಸಂಸ್ಕಾರವೂ ಇದೆ. ವಿಷವೇ ಇಲ್ಲದ ಹೆಬ್ಬಾವಿಗೆ ಬನವೂ ಇಲ್ಲ, ಬಿಡುಗಡೆಯೂ ಇಲ್ಲ. ಭಯವಿದ್ದಲ್ಲಿ ಮಾತ್ರ ನಮ್ಮ ಭಕ್ತಿ ಹುಟ್ಟುವುದೋ ಏನೋ! ದೇವರು ಕೊಡದ ರಕ್ಷಣೆಯನ್ನು ಅದಕ್ಕೆ ಕಾನೂನು ಕೊಟ್ಟಿದೆ. ಹಿಂದೆ ಕೈಚೀಲ, ಪಾದರಕ್ಷೆಗಳಿಗಾಗಿ ಹಾವಿನ ಚರ್ಮ ಹೇರಳವಾಗಿ ಹೊರದೇಶಗಳಿಗೆ ಹೋಗುತ್ತಿತ್ತು. 1976ರಲ್ಲಿ ಆ ರಫ್ತು ನಿಷೇಧವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಪರಿಶಿಷ್ಟದಲ್ಲಿ ಹುಲಿ, ಆನೆಗಳ ಜೊತೆಗೆ ಹೆಬ್ಬಾವಿನ ಹೆಸರೂ ಇದೆ. ಅದನ್ನು ಕೊಂದವರಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆ. ಮೊಟ್ಟೆಯನ್ನು ಹಾಳುಮಾಡುವುದೂ ಬೇಟೆಯೆಂದೇ ಗಣನೆ. ಆದರೂ ಬೆಟ್ಟದ ಮೂಲೆಯಲ್ಲಿ ಬೀಳುವ ದೊಣ್ಣೆಯೇಟು ಯಾವ ಕಚೇರಿಗೆ ಕೇಳಿಸೀತು?

ಕಾನೂನಿಗಿಂತ ಹೆಚ್ಚಾಗಿ ನನಗೆ ಧೈರ್ಯ ಕೊಟ್ಟದ್ದು ಕಾಸರಗೋಡಿನ ಒಂದು ಸುದ್ದಿ. ಅಡಿಕೆ ಬೆಳೆಯುವವರಿಗೆ ಕಾಸರಗೋಡು ಹೊಸ ಹೆಸರಲ್ಲ. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾಲಯ ಇರುವುದು ಅಲ್ಲಿಯೇ. 2022ರಲ್ಲಿ ಅದಕ್ಕೆ ಸಮೀಪದ ಎರಿಯಾಲಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಮಾಡುತ್ತಿದ್ದಾಗ, ಮೋರಿಯ ಕೆಲಸದ ಜಾಗದ ಒಂದು ಪೊಟರೆಯಲ್ಲಿ ಹೆಬ್ಬಾವೊಂದು ಮೊಟ್ಟೆಗಳ ಮೇಲೆ ಕುಳಿತದ್ದು ಕಂಡಿತು. ಮೊಟ್ಟೆಗಳು 24. ಕೆಲಸ ಹಿಡಿದಿದ್ದವರು ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘದವರು. ಅವರು ಅರಣ್ಯ ಇಲಾಖೆಗೆ ತಿಳಿಸಿ, ಆ ಜಾಗದ ಕೆಲಸವನ್ನು 54 ದಿನ ನಿಲ್ಲಿಸಿದರು. ಮರಿಗಳು ಹೊರಬಂದ ಮೇಲೆ ಅವನ್ನು ಕಾಡಿಗೆ ಬಿಡಲಾಯಿತು. ರಸ್ತೆಯ ಕೆಲಸ ಮುಂದುವರಿಯಿತು. ಲಾರಿಗಳೂ ಯಂತ್ರಗಳೂ ಆರ್ಭಟಿಸುವ ಹೆದ್ದಾರಿಯೇ ಒಂದು ಬಾಣಂತಿಗಾಗಿ ಕಾಯಬಹುದಾದರೆ ನಮ್ಮ ಸೊಪ್ಪಿನ ಬೆಟ್ಟಕ್ಕೇನು ಧಾಡಿ ಎಂದು ಅಂದುಕೊಂಡೆ. ಅಂದುಕೊಳ್ಳುವುದು ಸುಲಭ. ಮರುವರ್ಷವೇ ಪರೀಕ್ಷೆ ಬಂತು.

2023ರ ಏಪ್ರಿಲ್ ತಿಂಗಳು. ಮನೆಯ ಹಿಂದಿನ ಬೆಟ್ಟದಲ್ಲಿ, ಕೊಟ್ಟಿಗೆಯಿಂದ ಕೂಗಳತೆಯಲ್ಲಿ, ಹಳೆಯ ಮುಳ್ಳುಹಂದಿಯ ಬಿಲದೊಳಗೆ ಹೆಬ್ಬಾವು ಕುಳಿತಿದೆಯೆಂದು ಸೊಪ್ಪು ಕಡಿಯುವವರು ಬಂದು ಹೇಳಿದರು. ಸುರುಳಿಯ ಸಂದಿನಲ್ಲಿ ಬಿಳಿಯ ಮೊಟ್ಟೆಗಳು ಕಂಡವಂತೆ. ಅದಿರುವ ತನಕ ಆ ಕಡೆಗೆ ಬರಲಾರೆವು ಎಂದೂ ಹೇಳಿದರು. ಅದು ಮಳೆಗಾಲಕ್ಕೆ ದರಕು, ಸೊಪ್ಪು ಕೂಡಿಡುವ ಕಾಲ. ಅದಕ್ಕಿಂತ ದೊಡ್ಡ ಚಿಂತೆ ಮನೆಯೊಳಗಿತ್ತು. ತಮ್ಮನ ಮಗಳು ಬಾಣಂತನಕ್ಕೆ ಬಂದಿದ್ದಳು. ತೊಟ್ಟಿಲಲ್ಲಿ ಇಪ್ಪತ್ತು ದಿನದ ಕೂಸು.

"ಅಣ್ಣಯ್ಯ, ಇದನ್ನು ಹಿಡಿಸಿ ದೂರದ ಕಾನಿಗೆ ಬಿಡಿಸಿಬಿಡೋಣ. ಕೊಲ್ಲಬೇಕೆಂದು ನಾನು ಹೇಳುತ್ತಿಲ್ಲ" ಎಂದ ತಮ್ಮ.

"ಹಿಡಿದರೆ ಮೊಟ್ಟೆಗಳು ಉಳಿಯುವುದಿಲ್ಲ, ತಮ್ಮಾ. ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯಂತೆ ಹೊರಳಿಸುವಂತಿಲ್ಲ. ಒಳಗಿನ ಭ್ರೂಣ ಒಂದು ಬದಿಗೆ ಅಂಟಿಕೊಂಡಿರುತ್ತದೆ, ತಿರುಗಿಸಿದರೆ ಸತ್ತೀತು" ಎಂದೆ. ಹತ್ತನೆಯ ವಯಸ್ಸಿನಲ್ಲಿ ನಾನು ಉರುಳಿಸಿ ಎಣಿಸಿದ ಇಪ್ಪತ್ತೆರಡು ನೆನಪಾದವು.

"ಕೂಸಿಗೆ ಏನಾದರೂ ಆದರೆ?" ಎಂದ.

ಇದಕ್ಕೆ ಪುಸ್ತಕದಿಂದ ಉತ್ತರ ಕೊಡುವುದು ಕಷ್ಟ. ಕಾವಿಗೆ ಕುಳಿತ ಹೆಬ್ಬಾವು ಬೇಟೆಗೆ ಅಲೆಯುವುದಿಲ್ಲ, ಮನೆಯೊಳಗೆ ಬರುವ ಕಾರಣವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಒಂದು ಕ್ಷಣ ನನ್ನ ನಾಲಿಗೆ ಏಳಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು. ಆಗ ಬಾಣಂತಿಕೋಣೆಯ ಬಾಗಿಲಿನಿಂದ ತಮ್ಮನ ಮಗಳ ದನಿ ಬಂತು.

"ದೊಡ್ಡಪ್ಪ, ಅದಕ್ಕೆ ಇನ್ನೂ ಎಷ್ಟು ದಿನ?"

"ಒಂದೂವರೆ ತಿಂಗಳಿದ್ದೀತು, ಮಗಳೆ."

"ನನಗೂ ಅಷ್ಟೇ ಉಳಿದದ್ದು. ಕೂತಿರಲಿ ಬಿಡಿ."

ತಮ್ಮ ಮರುಮಾತಾಡಲಿಲ್ಲ. ಬಾಣಂತಿಕೋಣೆಯ ಕಿಟಕಿಗೆ ತಂತಿಯ ಬಲೆ ಹೊಡೆಸಿದ. ರಾತ್ರಿ ನಾಯಿಯನ್ನು ಒಳಗೆ ಕಟ್ಟಿದೆವು. ಕರುಗಳನ್ನು ಕೊಟ್ಟಿಗೆಯ ಒಳಬದಿಗೆ ಸರಿಸಿದೆವು. ಅರಣ್ಯ ಇಲಾಖೆಯ ಕಾವಲುಗಾರರು ಬಂದು ದೂರದಿಂದ ನೋಡಿ, ಯಾರೂ ಹತ್ತಿರ ಹೋಗಬೇಡಿರೆಂದು ಹೇಳಿಹೋದರು. ಬೆಟ್ಟದ ಆ ಮೂಲೆಗೆ ಬಾಳೆಯ ಹಗ್ಗ ಕಟ್ಟಿದೆವು. ಆ ವರ್ಷದ ದರಕಿನಲ್ಲಿ ಮೂರರಲ್ಲೊಂದು ಪಾಲು ಹಗ್ಗದಾಚೆ ಉಳಿಯಿತು. ಕೊಟ್ಟಿಗೆಯ ಹಾಸಿಗೆ ದುಡ್ಡು ಕೊಟ್ಟು ಹುಲ್ಲು ತರಬೇಕಾಯಿತು.

ದಿನಕ್ಕೊಮ್ಮೆ ನಾನು ಹಗ್ಗದ ಈಚೆ ನಿಂತು ಬಿಲವನ್ನು ನೋಡುತ್ತಿದ್ದೆ. ಹೆಚ್ಚಿನ ದಿನ ಏನೂ ಕಾಣುತ್ತಿರಲಿಲ್ಲ. ಮೂರು ನಾಲ್ಕು ಬೆಳಗು ಮಾತ್ರ ಅದು ಬಾಯಿಗೆ ಬಂದು ಬಿಸಿಲಿಗೆ ಮಲಗಿತ್ತು. 1964ರಲ್ಲಿ ಕಂಡಂತೆಯೇ. ಅದರ ಮೈ ವಾರದಿಂದ ವಾರಕ್ಕೆ ಸೊರಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಮನೆಯೊಳಗೆ ಕೂಸಿಗೆ ಎಣ್ಣೆನೀರು, ಬಾಣಂತಿಗೆ ಕೆಂಡದ ಕಾವು. ಬೆಟ್ಟದಲ್ಲಿ ಯಾರ ಆರೈಕೆಯೂ ಇಲ್ಲದ ಒಂದು ತಾಯಿ, ತನ್ನ ಮೈಯನ್ನೇ ಕೆಂಡಮಾಡಿಕೊಂಡು ಕುಳಿತಿತ್ತು.

ಆ ವರ್ಷ ಮುಂಗಾರು ತಡವಾಯಿತು. ನಾವು ಕಂಡ ದಿನದಿಂದ ನಲವತ್ತೊಂಬತ್ತನೆಯ ದಿನ, ಜೂನ್ ಮೊದಲ ವಾರದಲ್ಲಿ, ಬಿಲದ ಬಾಯಲ್ಲಿ ಎರಡು ಸಣ್ಣ ತಲೆಗಳು ಕಂಡವು. ಮೊಳಕ್ಕಿಂತ ತುಸು ಉದ್ದದ ಮರಿಗಳು. ಮೈಮೇಲೆ ಹೊಸದಾಗಿ ಬರೆದಂಥ ಕಂದು ಮಚ್ಚೆಗಳು. ಹುಟ್ಟಿದ ದಿನದಿಂದ ಅವು ಸ್ವತಂತ್ರ. ತಾಯಿಯ ಕೆಲಸ ಅಲ್ಲಿಗೆ ಮುಗಿಯಿತು. ವಾರ ಕಳೆದು ಹೋಗಿ ನೋಡಿದಾಗ ತಾಯಿಯೂ ಇರಲಿಲ್ಲ, ಮರಿಗಳೂ ಇರಲಿಲ್ಲ. ಹರಿದ ಚೀಲಗಳಂಥ ಹದಿನೇಳು ಸಿಪ್ಪೆಗಳಿದ್ದವು. ನಾಲ್ಕು ಮೊಟ್ಟೆಗಳು ಕೆಟ್ಟಿದ್ದವು. ಆ ಹದಿನೇಳರಲ್ಲಿ ಮುಂಗುಸಿಗೆಷ್ಟು, ಹದ್ದಿಗೆಷ್ಟು, ರಸ್ತೆಯ ಚಕ್ರಕ್ಕೆಷ್ಟು! ಒಂದೋ ಎರಡೋ ಬೆಳೆದು ದೊಡ್ಡವಾದರೆ ಹೆಚ್ಚು. ಅಂಥ ಒಂದು ಹಾವನ್ನು ನಾವು ಅಂದು ಅರ್ಧ ಗಂಟೆಯಲ್ಲಿ ಮುಗಿಸಿದ್ದೆವು.

ಮಹಾಭಾರತದಲ್ಲಿ, ಶಾಪದಿಂದ ಅಜಗರವಾದ ನಹುಷ ಕಾಡಿನಲ್ಲಿ ಭೀಮನನ್ನು ಸುತ್ತಿ ಹಿಡಿಯುತ್ತಾನೆ. ಭೀಮನ ಬಲ ಅಲ್ಲಿ ನಡೆಯುವುದಿಲ್ಲ. ಧರ್ಮರಾಯ ಬಂದು ಹಾವಿನ ಪ್ರಶ್ನೆಗಳನ್ನು ಕೇಳಿಸಿಕೊಂಡು ಉತ್ತರ ಹೇಳಿದ ಮೇಲೆಯೇ ಬಿಡುಗಡೆ, ಭೀಮನಿಗೂ, ಹಾವಿಗೂ. ನಮ್ಮ ದೊಡ್ಡಪ್ಪ ಕೆಟ್ಟವರಾಗಿರಲಿಲ್ಲ. ಕರುವಿನ ಮೇಲಿನ ಮಮತೆಯಿಂದ ದೊಣ್ಣೆ ಹಿಡಿದವರು. ಪ್ರಶ್ನೆ ಕೇಳಿಸಿಕೊಳ್ಳುವಷ್ಟು ವ್ಯವಧಾನ ಅಂದು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಳೆ ಹಿಡಿದ ದಿನ ತಮ್ಮನ ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಅಂಗಳ ದಾಟುವಾಗ ಬೆಟ್ಟದ ಕಡೆಗೊಮ್ಮೆ ತಿರುಗಿ, "ಅದೂ ಹೋಯಿತಾ ದೊಡ್ಡಪ್ಪ?" ಎಂದು ಕೇಳಿದಳು. ಹೋಯಿತು ಎಂದೆ. ತಮ್ಮ ಆ ಸಂಜೆ ಬೆಟ್ಟಕ್ಕೆ ಹೋಗಿ ಬಾಳೆಯ ಹಗ್ಗವನ್ನು ಬಿಚ್ಚಿ ತಂದ. ಒಲೆಗೆ ಹಾಕುವನೆಂದಿದ್ದೆ. ಅವನು ಅದನ್ನು ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲಿಟ್ಟ.